ಕೊಳೆತ ಕಾಯಿಯ ನಷ್ಟ ಯಾರದು?

ಕಾಯಿ ಒಡೆಯುವಾಗ ನನ್ನ ತಾಯಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಎಡ ಅಂಗೈಯಲ್ಲಿ ಕಾಯಿಯನ್ನು ಹಿಡಿದು, ಮಚ್ಚನ್ನು ತಿರುಗಿಸಿ, ಅದರ ಬೆನ್ನಿನಿಂದ ಕಾಯಿಯ ನಡುಭಾಗಕ್ಕೆ ಹದವಾಗಿ ಪೆಟ್ಟು ಕೊಡುತ್ತಿದ್ದರು. ಪ್ರತಿ ಪೆಟ್ಟಿಗೂ ಕಾಯಿಯನ್ನು ಸ್ವಲ್ಪ ಹೊರಳಿಸುವರು. ಮೂರು ನಾಲ್ಕು ಪೆಟ್ಟಾದ ಮೇಲೆ ಸದ್ದು ಬದಲಾಗುತ್ತಿತ್ತು. ಗಟ್ಟಿಯಾದ ಟಣ್ ಎಂಬ ದನಿ ಹೋಗಿ ಒಡಕು ದನಿ ಬರುತ್ತಿತ್ತು. ಆಗ ಕೆಳಗಿಟ್ಟ ಲೋಟಕ್ಕೆ ನೀರು ಇಳಿಯುತ್ತಿತ್ತು. ಹೋಳುಗಳೆರಡನ್ನೂ ಬಿಡಿಸಿ, ಒಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ತಲೆಯಾಡಿಸಿದ ಮೇಲೆಯೇ ಅವರ ಬಾಯಿಂದ ಮಾತು.

ಒಂದೊಂದು ಕಾಯಿಯ ನೀರಿಗೂ ಬೇರೆ ಲೋಟ, ಒಂದೊಂದು ಕಾಯಿಯ ತುರಿಗೂ ಬೇರೆ ತಟ್ಟೆ ಎಂಬುದು ನಮ್ಮ ಅಡುಗೆಮನೆಯ ಕಟ್ಟಳೆಯಾಗಿತ್ತು. ಇಪ್ಪತ್ತು ಜನರ ಹುಳಿಗೆ ಐದು ಕಾಯಿ ಬೇಕಾದರೆ, ಐದನ್ನೂ ಒಡೆದು, ಮೂಸಿ, ಒಂದು ಚೂರು ಬಾಯಿಗೆ ಹಾಕಿ ನೋಡಿದ ಮೇಲೆಯೇ ಒಟ್ಟಿಗೆ ಬೆರೆಸಬೇಕು. ನಾಲ್ಕು ಒಳ್ಳೆಯ ಕಾಯಿಗಳಿಂದ ಒಂದು ಕೊಳೆತ ಕಾಯಿ ಸುಧಾರಿಸುವುದಿಲ್ಲ. ಒಂದು ಕೊಳೆತ ಕಾಯಿಯಿಂದ ನಾಲ್ಕೂ ಕೆಡುತ್ತವೆ. ಇದನ್ನು ಅವರು ಉಪದೇಶವೆಂದು ಹೇಳಿದವರಲ್ಲ. ಹುಳಿ ಕೆಟ್ಟರೆ ಇಪ್ಪತ್ತು ಜನ ಹಸಿದು ಕೂರಬೇಕಾಗುತ್ತದೆ ಎಂಬ ಭಯ, ಅಷ್ಟೆ.

ಒಡೆಯುವ ತನಕ ಒಳಗೇನಿದೆಯೆಂದು ನಿಶ್ಚಯವಾಗಿ ತಿಳಿಯದ ವಸ್ತುಗಳು ನಾವು ದಿನವೂ ಕೊಳ್ಳುವ ಪದಾರ್ಥಗಳಲ್ಲಿ ಹೆಚ್ಚಿಲ್ಲ. ಬದನೆಯ ಹುಳುವಿಗೆ ತೂತಾದರೂ ಕಾಣುತ್ತದೆ, ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ನೋಡಬಹುದು. ತೆಂಗಿನಕಾಯಿಗೆ ಮೂರು ಕಣ್ಣುಗಳಿದ್ದರೂ ಒಂದರಿಂದಲೂ ಒಳಗನ್ನು ನೋಡಲಾಗದು. ಬಲ್ಲವರು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಕೇಳುತ್ತಾರೆ, ತೂಗಿ ನೋಡುತ್ತಾರೆ, ಕಣ್ಣಿನ ಸುತ್ತ ತೇವ ಅಥವಾ ಬೂಷ್ಟು ಇದೆಯೇ ಎಂದು ಜುಟ್ಟನ್ನು ಸರಿಸಿ ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾಯಿಯೂ ಒಳಗೆ ಕೊಳೆತಿರಬಹುದು. ಮರದಿಂದ ಬಿದ್ದಾಗ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಸಾಕು. ಇದಕ್ಕೆ ತದ್ವಿರುದ್ಧವಾದುದೂ ಉಂಟು. 1990ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತದ ತೋಟಗಳಿಗೆ ನುಸಿಪೀಡೆ ಹಬ್ಬಿದಾಗ, ಮೈಯೆಲ್ಲ ಕಂದು ಕಲೆಯಾಗಿ ಬಿರಿದ, ನೋಡಲು ಅಸಹ್ಯವಾದ ಕಾಯಿಗಳು ಸಂತೆಗೆ ಬಂದವು. ಗಾತ್ರ ಕಿರಿದಾದರೂ ಒಳಗಿನ ತಿರುಳು ತಿನ್ನಲು ಯೋಗ್ಯವಾಗಿಯೇ ಇರುತ್ತಿತ್ತು. ಆದರೂ ಜನ ಅವನ್ನು ಮುಟ್ಟುತ್ತಿರಲಿಲ್ಲ.

ನನ್ನ ತವರು ಅರಸೀಕೆರೆ ತಾಲ್ಲೂಕಿನ ಬಾಣಾವರದ ಕಡೆಯ ಒಂದು ಹಳ್ಳಿ. ಆ ಸೀಮೆಯಲ್ಲಿ ಕಾಯಿಯ ಮೇಲಿನ ನಂಬಿಕೆ ಇನ್ನೂ ದೀರ್ಘವಾದುದು. ತಿಪಟೂರು, ಅರಸೀಕೆರೆ ಭಾಗದ ಉಂಡೆ ಕೊಬ್ಬರಿಗೆ ಉತ್ತರ ಭಾರತದಲ್ಲಿ ಒಣಹಣ್ಣಿನಷ್ಟೇ ಮರ್ಯಾದೆ. ಅದನ್ನು ಮಾಡಲು ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಡುಗೆಯ ಕಾಯಿಯನ್ನು ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಒಳ್ಳೆಯದು. ಅಟ್ಟದ ಕಾಯಿಯಲ್ಲಿ ನೀರಿನ ಸದ್ದು ಅಡಗಿ ಗಿಟುಕು ಲೊಟಲೊಟ ಎಂದರೆ ಒಳ್ಳೆಯದು. ಈ ಒಂದು ವರ್ಷದಲ್ಲಿ ಎಷ್ಟು ಕಾಯಿ ಕೊಬ್ಬರಿಯಾಗುತ್ತಿವೆ, ಎಷ್ಟು ಕಮಟು ಹಿಡಿಯುತ್ತಿವೆ ಎಂಬುದು ಮನೆಯವರಿಗೂ ತಿಳಿಯದು. ಸುಲಿದು, ಚಿಪ್ಪು ಒಡೆದಾಗಲೇ ಲೆಕ್ಕ. ನಾವು ಮಕ್ಕಳು ರಾತ್ರಿ ಅಟ್ಟದ ಕೆಳಗೆ ಮಲಗಿದಾಗ, ನಮ್ಮ ಶಾಲೆಯ ಫೀಸು, ಅಕ್ಕನ ಮದುವೆ ಎಲ್ಲವೂ ತಲೆಯ ಮೇಲೆ ಕತ್ತಲಲ್ಲಿ ಒಣಗುತ್ತಿರುತ್ತಿದ್ದವು.

ಹಸಿಕಾಯಿಯನ್ನು ಮಾರುವಾಗ ನಮ್ಮ ತಂದೆಯವರಿಗೆ ಒಂದು ಪದ್ಧತಿಯಿತ್ತು. ನೂರು ಕಾಯಿ ಎಣಿಸಿ ಕೊಟ್ಟ ಮೇಲೆ ನಾಲ್ಕು ಕಾಯಿಗಳನ್ನು ಕೊಸರು ಹಾಕುತ್ತಿದ್ದರು. ಕೊಸರು ಎಂದರೆ ದಾನವಲ್ಲ, ಲಂಚವೂ ಅಲ್ಲ. ನೂರರಲ್ಲಿ ಒಂದೆರಡು ಕೆಟ್ಟಿರಬಹುದು, ಯಾವುದೆಂದು ನನಗೂ ತಿಳಿಯದು ನಿನಗೂ ತಿಳಿಯದು, ಆದ್ದರಿಂದ ಅದರ ಭಾರವನ್ನು ಮೊದಲೇ ಇಳಿಸಿಬಿಡೋಣ ಎಂಬ ಒಪ್ಪಂದ ಅದು. ಆ ನಾಲ್ಕು ಕಾಯಿಗಳ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ, ಬೇಲೂರಿನಲ್ಲಿ.

ಶಿಕ್ಷಕಿಯಾಗಿ ಬೇಲೂರಿಗೆ ಬಂದು ಅಲ್ಲಿಯೇ ನೆಲೆನಿಂತವಳು ನಾನು. ಬಾಣಾವರದಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಬರುವ ದಾರಿಯಲ್ಲಿ ತೆಂಗಿನ ತೋಟಗಳು ವಿರಳವಾಗುತ್ತಾ ಹೋಗುತ್ತವೆ, ಬೇಲೂರಿನಾಚೆ ಕಾಫಿಯ ಸೀಮೆ ಆರಂಭವಾಗುತ್ತದೆ. ತವರಿನಲ್ಲಿ ಕಾಯಿಯನ್ನು ಎಣಿಸದೆ ಒಡೆದ ಕೈ, ಇಲ್ಲಿ ದುಡ್ಡು ಕೊಟ್ಟು ಎಣಿಸಿ ತರಬೇಕಾಯಿತು. ನಾನು ಕಾಯಿ ಕೊಳ್ಳುವುದು ರಸ್ತೆಯ ಬದಿಯಲ್ಲಿ ಗೋಣಿತಾಟು ಹಾಸಿ ಕುಳಿತುಕೊಳ್ಳುವ ಒಬ್ಬ ಮುದುಕಿಯ ಬಳಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆಕೆಯ ಗೋಣಿತಾಟು ಮಾತ್ರ ಇದ್ದಷ್ಟೇ ಅಗಲ.

ಕೆಲವು ವರ್ಷಗಳ ಹಿಂದಿನ ಕ್ರಿಸ್ಮಸ್ಸಿನ ಮುನ್ನಾದಿನದ ಮಾತು. ಕಾಯಿ ಒಬ್ಬಟ್ಟಿಗೆಂದೂ ಕೋಳಿ ಸಾರಿಗೆಂದೂ ಆರು ಕಾಯಿ ತಂದಿದ್ದೆ. ಮಗಳು, ಅಳಿಯ, ಮೊಮ್ಮಕ್ಕಳು ಬಂದಿದ್ದರು. ಒಬ್ಬಟ್ಟಿನ ಹೂರಣಕ್ಕೆ ತೀರ ಎಳೆಯ ಕಾಯಿಯೂ ಆಗದು, ತೀರ ಬಲಿತು ಎಣ್ಣೆ ಬಿಡುವ ಕಾಯಿಯೂ ಆಗದು. ತುರಿಮಣೆಯ ಮೇಲೆ ಕುಳಿತು ಬೆಳ್ಳಗಿನ ತಿರುಳನ್ನಷ್ಟೇ ತುರಿದು, ಚಿಪ್ಪಿಗಂಟಿದ ಕಂದು ಪದರ ಬರುವ ಮೊದಲೇ ಕೈ ನಿಲ್ಲಿಸಬೇಕು. ಅದಕ್ಕೆ ಬೆಲ್ಲ ಸೇರಿಸಿ, ಬಾಣಲೆಯ ತಳ ಬಿಟ್ಟು ಮುದ್ದೆಯಾಗುವ ತನಕ ಕೈಯಾಡಿಸಬೇಕು. ಸಾರಿಗಾದರೆ ತುರಿಯನ್ನು ರುಬ್ಬಿ ಬಟ್ಟೆಯಲ್ಲಿ ಹಿಂಡಿ ಮೊದಲ ಹಾಲನ್ನು ತೆಗೆದಿಟ್ಟುಕೊಂಡು, ಎರಡನೆಯ ಮೂರನೆಯ ತೆಳು ಹಾಲಿನಲ್ಲಿ ಮಾಂಸ ಬೇಯಿಸಿ, ಗಟ್ಟಿ ಹಾಲನ್ನು ಕೊನೆಗೆ ಹಾಕಿ ಕುದಿ ಬರುವ ಮೊದಲೇ ಇಳಿಸುವುದು ನಮ್ಮ ಮನೆಯ ಕ್ರಮ. ಉರಿ ಹೆಚ್ಚಾದರೆ ಹಾಲು ಒಡೆಯುತ್ತದೆ. ಇಷ್ಟೆಲ್ಲ ಸಿದ್ಧತೆಯ ನಡುವೆ, ಒಡೆದ ಆರು ಕಾಯಿಗಳಲ್ಲಿ ಎರಡು ಕೊಳೆತಿದ್ದವು. ತಾಯಿಯ ಕಟ್ಟಳೆಯಿಂದಾಗಿ ಉಳಿದ ನಾಲ್ಕು ಉಳಿದುಕೊಂಡವು.

ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು ನೇರವಾಗಿ ಆಕೆಯ ಬಳಿಗೆ ಹೋದೆ. ಆಕೆ ಮೂಸಿಯೂ ನೋಡಲಿಲ್ಲ. "ನೀವೂ ಒಳಗೆ ಹೊಕ್ಕು ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ತಗಳ್ಳಿ ಟೀಚರಮ್ಮ," ಎಂದು ಎರಡು ಕಾಯಿಗಳನ್ನು ಆರಿಸಿ ಕೊಟ್ಟಳು. ನನ್ನ ಕೈಯಲ್ಲಿದ್ದ ಕೆಟ್ಟ ಹೋಳುಗಳನ್ನು ಬೆನ್ನ ಹಿಂದಿನ ಚೀಲಕ್ಕೆ ಹಾಕಿದಳು. ಆ ಚೀಲದಲ್ಲಿ ಅಂಥ ಹೋಳುಗಳು ಆಗಲೇ ಅರ್ಧ ತುಂಬಿದ್ದವು. "ಇವನ್ನೇನು ಮಾಡ್ತೀರಿ? ಕಾಯಿ ತಂದುಹಾಕಿದವರು ವಾಪಸು ತಗೊಳ್ತಾರಾ?" ಎಂದು ಕೇಳಿದೆ. ಆಕೆ ನಕ್ಕಳು. "ಮುಂಚೆ ನೂರಕ್ಕೆ ಕೊಸರು ಕೊಡೋರು. ಈಗ ಎಲ್ಲ ತೂಕದ ಲೆಕ್ಕ. ಕೊಳೆತಿದ್ದೂ ತೂಗ್ತದಲ್ಲ ಟೀಚರಮ್ಮ."

ಆ ಮಾತು ನನ್ನೊಡನೆ ಮನೆಗೆ ಬಂತು. ಮರುದಿನ ಎಲೆಗೆ ಬಡಿಸಿದ ಒಬ್ಬಟ್ಟಿನ ಮೇಲೆ ತುಪ್ಪ ಹಾಕುವಾಗಲೂ ಅದೇ ಮಾತು. ನಾನು ನ್ಯಾಯವಾದದ್ದನ್ನೇ ಮಾಡಿದ್ದೆ. ಆದರೂ ನನ್ನ ಹಬ್ಬದ ಎರಡು ಕಾಯಿಗಳ ಬೆಲೆಯನ್ನು ಕೊನೆಗೆ ತೆತ್ತವಳು ನಮ್ಮೆಲ್ಲರಿಗಿಂತ ಬಡವಳು.

ಅಂದಿನಿಂದ ಸುಮಾರು ಎರಡು ವರ್ಷ ನಾನು ಕೆಟ್ಟ ಕಾಯಿಯನ್ನು ಹಿಂದಿರುಗಿಸಲಿಲ್ಲ. ಕೊಳೆತದ್ದು ಸಿಕ್ಕಾಗ ಹಿತ್ತಿಲ ಗುಂಡಿಗೆ ಹಾಕಿ ಸುಮ್ಮನಾಗುತ್ತಿದ್ದೆ. ನಿಜ ಹೇಳುವುದಾದರೆ, ಆ ಸುಮ್ಮನಿರುವಿಕೆಯಲ್ಲಿ ನನಗೆ ಒಂದು ಬಗೆಯ ಸಂತೋಷವಿತ್ತು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಂತೆ ನಡೆದುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಎಡಗೈಗೆ ಚೆನ್ನಾಗಿಯೇ ತಿಳಿದಿತ್ತು.

ಒಂದು ದಿನ ನಮ್ಮ ಮನೆಗೆಲಸದ ಹುಡುಗಿ ಆಕೆಯ ಬಳಿ ಕಾಯಿ ಕೊಳ್ಳಲು ಹೋದವಳು, ಹೋದ ವಾರ ಟೀಚರಮ್ಮ ಮೂರು ಕಾಯಿ ಗುಂಡಿಗೆ ಎಸೆದರು ಎಂದು ಬಾಯಿ ಬಿಟ್ಟಳು. ಮುಂದಿನ ಸಲ ನಾನು ಹೋದಾಗ ಮುದುಕಿ ಕಾಯಿ ಕೊಡಲಿಲ್ಲ. ಮುಖ ಗಂಟಿಕ್ಕಿಕೊಂಡು, "ಮೂರ್ ಕಾಯಿ ಕೆಟ್ಟಿದ್ರೆ ಬಂದು ಹೇಳಕ್ಕೆ ನಿಮಗೇನಾಗಿತ್ತು? ಕೆಟ್ಟ ಕಾಯಿ ಮಾರೋಳು ಅಂತ ಮನಸಲ್ಲೇ ಇಟ್ಕಂಡು ಬಂದು ಬಂದು ಕೊಂಡ್ಕಂಡು ಹೋಗ್ತಿದ್ರಾ? ನಾನೇನ್ ನಿಮ್ಮತ್ರ ಬೇಡಕ್ಕೆ ಕುಂತಿದೀನಾ?" ಎಂದಳು. ಸುತ್ತ ನಾಲ್ಕು ಜನ ನಿಂತಿದ್ದರು. ನನಗೆ ನಾಚಿಕೆಯಾಯಿತು, ಕೋಪವೂ ಬಂತು. ಒಳ್ಳೆಯದನ್ನು ಮಾಡಿ ಬೈಸಿಕೊಳ್ಳುವವರಿಗೆ ಬರುವ ಕೋಪ ಬಹಳ ಬಿಸಿಯಾದುದು.

ಕೋಪ ಆರಿದ ಮೇಲೆ ಆಕೆಯ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ನಾನು ಹೇಳದೆ ಇದ್ದುದರಿಂದ ಆ ವಾರದ ಹೊರೆಯಲ್ಲಿ ಕೆಟ್ಟ ಕಾಯಿಗಳು ಹೆಚ್ಚಾಗಿದ್ದವೆಂಬುದು ಆಕೆಗೆ ತಿಳಿಯಲಿಲ್ಲ. ಅದೇ ಹೊರೆಯನ್ನು ಆಕೆ ಬೇರೆಯವರಿಗೂ ಮಾರಿದಳು. ನನ್ನ ಔದಾರ್ಯದ ಫಲವಾಗಿ ಇನ್ನಾರದೋ ಮನೆಯ ಹುಳಿ ಕೆಟ್ಟಿರಬಹುದು. ಇದು ಒಂದು. ಎರಡನೆಯದು ಇನ್ನೂ ಆಳವಾದುದು. "ತಗಳ್ಳಿ ಟೀಚರಮ್ಮ" ಎಂದು ಬೇರೆ ಕಾಯಿ ಕೊಟ್ಟಾಗ ಆಕೆ ನನ್ನ ಸರಿಸಮಾನಳಾಗಿದ್ದಳು. ಕೊಟ್ಟ ಮಾತಿಗೆ ತಕ್ಕಂತೆ ನಡೆಯಬಲ್ಲ ವ್ಯಾಪಾರಸ್ಥೆಯಾಗಿದ್ದಳು. ನಾನು ಸುಮ್ಮನಾದ ದಿನದಿಂದ, ಆಕೆಯನ್ನು ಕೇಳದೆಯೇ ಆಕೆಗೆ ಭಿಕ್ಷೆ ಹಾಕಲು ಆರಂಭಿಸಿದ್ದೆ. ಆಕೆಯ ಬಳಿ ಇದ್ದ ದೊಡ್ಡ ಸೊತ್ತೆಂದರೆ ಆಕೆಯ ಮಾತು. ಅದನ್ನು ನಿಲ್ಲಿಸಿಕೊಳ್ಳುವ ಅವಕಾಶವನ್ನೇ ನಾನು ಕಸಿದುಕೊಂಡಿದ್ದೆ.

ಹಾಗಾದರೆ ಮೊದಲು ಮಾಡಿದ್ದೇ ಸರಿಯೇ? ಕಾನೂನಿನ ಮಾತು ಒಂದು ಮಟ್ಟಿಗೆ ಸ್ಪಷ್ಟವಾಗಿದೆ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಕೊಳ್ಳುವವನು ವಸ್ತುವನ್ನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಿಂದ ತಿಳಿಯಬೇಕಿದ್ದ ದೋಷಕ್ಕೆ ಮಾರುವವನು ಹೊಣೆಯಲ್ಲ. ತೆಂಗಿನಕಾಯಿಯ ಕೊಳೆ ಅಲ್ಲಾಡಿಸಿ ನೋಡಿದ ಮಾತ್ರಕ್ಕೆ ತಿಳಿಯುವಂಥದಲ್ಲವಾದ್ದರಿಂದ ನನ್ನ ಪರೀಕ್ಷೆ ಆಕೆಯನ್ನು ಹೊಣೆಯಿಂದ ಬಿಡಿಸುವುದಿಲ್ಲ ಎಂದು ವಾದಿಸಬಹುದು. ಆದರೆ ರಸ್ತೆಬದಿಯ ಗೋಣಿತಾಟಿನ ಮೇಲೆ ಕಾಯಿದೆಯನ್ನು ಹರಡಿಕೊಂಡು ಕೂರುವವರು ಯಾರು?

ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಅವರು ಹುಟ್ಟಿದ್ದು ಸುಮಾರು 1225ರಲ್ಲಿ. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಹೊಯ್ಸಳರ ಶಿಲ್ಪಿಗಳು ನಮ್ಮ ಸೀಮೆಯಲ್ಲಿ ಕಲ್ಲು ಕೆತ್ತುತ್ತಿದ್ದ ಶತಮಾನದಲ್ಲಿಯೇ ಅವರು ಇಟಲಿಯಲ್ಲೂ ಪ್ಯಾರಿಸಿನಲ್ಲೂ ಕುಳಿತು ಬರೆಯುತ್ತಿದ್ದರು. ತಮ್ಮ 'ಸುಮ್ಮಾ ಥಿಯಲಾಜಿಯೆ' ಗ್ರಂಥದ ಒಂದು ಇಡೀ ಪ್ರಶ್ನೆಯನ್ನು ಅವರು ಕೊಳ್ಳುವ ಮಾರುವ ವ್ಯವಹಾರದ ಮೋಸಕ್ಕೇ ಮೀಸಲಿಟ್ಟಿದ್ದಾರೆ. ವಸ್ತುವಿನ ದೋಷ ಮಾರುವವನಿಗೆ ತಿಳಿದಿರದಿದ್ದರೆ ಅವನು ಪಾಪ ಮಾಡಿದಂತಾಗುವುದಿಲ್ಲ, ಆದರೆ ದೋಷ ತಿಳಿದುಬಂದ ಮೇಲೆ ಕೊಂಡವನ ನಷ್ಟವನ್ನು ತುಂಬಿಕೊಡಲು ಅವನು ಬದ್ಧನು ಎಂಬುದು ಅವರ ತೀರ್ಮಾನ. ನಮ್ಮ ಮುದುಕಿ ಓದು ಬಾರದವಳು. ಎರಡು ಕಾಯಿ ಎತ್ತಿಕೊಟ್ಟಾಗ ಆಕೆ ನಡೆದದ್ದು ಈ ತೀರ್ಮಾನದಂತೆಯೇ.

ಅಕ್ವಿನಾಸರು ಅಲ್ಲಿಗೇ ನಿಲ್ಲುವುದಿಲ್ಲ, ನನಗೆ ಕಸಿವಿಸಿಯಾಗುವುದು ಮುಂದಿನ ಮಾತಿನಿಂದ. ಇದೇ ನಿಯಮ ಕೊಳ್ಳುವವನಿಗೂ ಅನ್ವಯಿಸುತ್ತದೆ ಎನ್ನುತ್ತಾರೆ ಅವರು. ಮಾರುವವನು ತಿಳಿಯದೆ ಚಿನ್ನವನ್ನು ಹಿತ್ತಾಳೆಯಂಥ ಕೀಳು ಲೋಹವೆಂದು ಮಾರಿದರೆ, ತಿಳಿದೂ ಕೊಂಡವನು ಅನ್ಯಾಯ ಮಾಡುತ್ತಾನೆ, ಹಿಂದಿರುಗಿಸಲು ಬದ್ಧನಾಗುತ್ತಾನೆ. ಕೊಂಡ ವಸ್ತುವಿನಿಂದ ತನಗೆ ಹೆಚ್ಚಿನ ಪ್ರಯೋಜನವಾಯಿತೆಂದು ಕಂಡವನು ತಾನಾಗಿಯೇ ಮಾರಿದವನಿಗೆ ಸ್ವಲ್ಪ ಹೆಚ್ಚು ಕೊಡಬಹುದು, ಅದು ಅವನ ಸಜ್ಜನಿಕೆ ಎಂದೂ ಹೇಳುತ್ತಾರೆ. ಕೊಸರು ಕೊಳ್ಳುವವನ ಕಡೆಯಿಂದಲೂ ಬರಬಹುದು ಎಂದಂತಾಯಿತು. ಕೊಳೆತ ಕಾಯಿಯನ್ನು ಹಿಂದಕ್ಕೆ ಒಯ್ದವರು ನಮ್ಮಲ್ಲಿ ಅನೇಕರು. ದಪ್ಪ ತಿರುಳಿನ, ಸಕ್ಕರೆಯಂಥ ಸಿಹಿಯ ಕಾಯಿ ಸಿಕ್ಕಿತೆಂದು ಎರಡು ರೂಪಾಯಿ ಹೆಚ್ಚು ಒಯ್ದು ಕೊಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇಷ್ಟು ಯೋಚಿಸಿದ ಮೇಲೆ ನನ್ನ ಸಿಟ್ಟು ಆ ಕಾಯಿಗಳನ್ನು ತೂಕಕ್ಕೆ ತಂದುಹಾಕಿ ಕೊಸರು ನಿಲ್ಲಿಸಿದವರ ಕಡೆಗೆ ತಿರುಗಿತು. ಅದು ಹೆಚ್ಚು ದಿನ ಉಳಿಯಲಿಲ್ಲ. ಊರಿಗೆ ಹೋದಾಗ, ಈಗ ತೋಟ ನೋಡಿಕೊಳ್ಳುವ ನನ್ನ ತಮ್ಮನನ್ನು, "ನೂರಕ್ಕೆ ನಾಲ್ಕು ಕೊಸರು ಹಾಕ್ತೀಯೇನೋ, ಅಪ್ಪನ ಹಾಗೆ?" ಎಂದು ಕೇಳಿದೆ. ಅವನು ಅಟ್ಟದ ಕಡೆ ನೋಡಿಕೊಂಡು, "ತೂಕದ ಮೇಲೆ ಹೋಗೋದಕ್ಕೆ ಎಲ್ಲಿಯ ಕೊಸರು ಅಕ್ಕ? 2023ರಲ್ಲಿ ನಮಗೆ ಯಾರು ಕೊಸರು ಕೊಟ್ಟರು?" ಎಂದ.

ಅವನ ಮಾತಿನಲ್ಲಿ ಸುಳ್ಳಿಲ್ಲ. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಬೆಲೆ 8,000 ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ಒಂದು ವರ್ಷ ಅಟ್ಟದ ಮೇಲೆ ಕಾದ ಕೊಬ್ಬರಿ, ಇಳಿಸುವ ಹೊತ್ತಿಗೆ ಬೆಲೆ ಕಳೆದುಕೊಂಡಿತ್ತು. ಕಾಯಿಯೊಳಗೆ ಕೊಳೆ ಇರಲಿಲ್ಲ, ನಷ್ಟ ಮಾತ್ರ ಅಷ್ಟೇ ಕಾಣದಂತೆ ಬಂದಿತ್ತು. ಆಗ ಸಾಲ ಮಾಡಿದ ಮನೆಗಳು ಎಷ್ಟೋ. 2025ರಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಆ ಹೊತ್ತಿಗೆ ಮಾರಲು ಅನೇಕರ ಅಟ್ಟಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಬೇಲೂರಿನ ಮುದುಕಿಗಾದರೋ ಬೆಲೆ ಏರಿದಷ್ಟೂ ಒಂದೊಂದು ಕೊಳೆತ ಕಾಯಿಯ ನಷ್ಟವೂ ಏರಿತು.

ಒಂದು ಕಾಯಿ ಮರದಿಂದ ನನ್ನ ತುರಿಮಣೆಯವರೆಗೆ ಬರುವಷ್ಟರಲ್ಲಿ ನಾಲ್ಕಾರು ಕೈ ದಾಟುತ್ತದೆ. ಪ್ರತಿಯೊಂದು ಕೈಯೂ ನಷ್ಟವನ್ನು ಮುಂದಿನ ಕೈಗೆ ದಾಟಿಸಲು ಕಾರಣಗಳನ್ನು ಹೊಂದಿದೆ, ಆ ಕಾರಣಗಳಲ್ಲಿ ಬಹುಪಾಲು ನಿಜವಾದವು. ನಷ್ಟ ಹೀಗೆ ಉರುಳುತ್ತಾ ಬಂದು, ಯಾರಿಗೆ ಅದನ್ನು ದಾಟಿಸಲು ಮುಂದೆಯೂ ಹಿಂದೆಯೂ ಕೈಯಿಲ್ಲವೋ ಅವರ ಮಡಿಲಲ್ಲಿ ನಿಲ್ಲುತ್ತದೆ. ನಮ್ಮ ತಂದೆಯ ನಾಲ್ಕು ಕಾಯಿಗಳು ಆ ಉರುಳುವಿಕೆಯನ್ನು ಮೊದಲ ಮೆಟ್ಟಿಲಲ್ಲೇ ತಡೆಯುತ್ತಿದ್ದವು ಎಂಬುದು ನನಗೆ ಆಗ ಅರ್ಥವಾಯಿತು. ಅವರು ಶ್ರೀಮಂತರಾಗಿರಲಿಲ್ಲ. ಒಳ್ಳೆಯ ಫಸಲಿನ ವರ್ಷವೂ ನಾಲ್ಕು, ಕೆಟ್ಟ ಫಸಲಿನ ವರ್ಷವೂ ನಾಲ್ಕು. ತಮ್ಮನಿಗೆ ಇದನ್ನು ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಪಿಂಚಣಿ ತೆಗೆದುಕೊಳ್ಳುವ ಅಕ್ಕ ಮಳೆ ನಂಬಿದ ತಮ್ಮನಿಗೆ ಕೊಸರಿನ ಪಾಠ ಹೇಳುವುದು ಚೆನ್ನಾಗಿ ಕೇಳಿಸುವುದಿಲ್ಲ. ಅವನು ನನ್ನ ಕಾರಿನ ಡಿಕ್ಕಿಗೆ ಇಪ್ಪತ್ತು ಕಾಯಿ ಹಾಕಿದ. ಎಣಿಸಿದರೆ ಇಪ್ಪತ್ತೊಂದಿದ್ದವು.

ಈಗ ನಾನು ಮಾಡುವುದು ಇಷ್ಟು. ಕೆಟ್ಟ ಕಾಯಿ ಸಿಕ್ಕರೆ ಹೋಗಿ ಹೇಳುತ್ತೇನೆ. ಆಕೆ ಬೇರೆ ಕಾಯಿ ಕೊಟ್ಟರೆ ಮರುಮಾತಿಲ್ಲದೆ ತೆಗೆದುಕೊಳ್ಳುತ್ತೇನೆ. ಚೆನ್ನಾದ ಕಾಯಿ ಸಿಕ್ಕಾಗಲೂ ಹೋಗಿ ಹೇಳುತ್ತೇನೆ, ಇದು ಹೊಸ ಅಭ್ಯಾಸ. ಆರಂಭದಲ್ಲಿ ಹೆಚ್ಚು ಹಣ ಕೊಡಲು ನೋಡಿದೆ. ಚಿಲ್ಲರೆಯನ್ನು ಎಣಿಸಿ ನನ್ನ ಕೈಗೇ ಹಾಕಿದಳು. ಚೌಕಾಸಿಯನ್ನಂತೂ ಬಿಟ್ಟಿದ್ದೇನೆ, ಅದನ್ನು ಆಕೆ ಗಮನಿಸಿಯೂ ಗಮನಿಸದಂತೆ ಇರುತ್ತಾಳೆ. ಇದರಿಂದ ಆಕೆಯ ಬೆನ್ನ ಹಿಂದಿನ ಚೀಲ ಹಗುರವಾಗಿದೆಯೇ ಎಂದರೆ, ಇಲ್ಲ.

ಕಳೆದ ಕ್ರಿಸ್ಮಸ್ಸಿನಂದು ಬೆಳಗಿನ ಬಲಿಪೂಜೆ ಮುಗಿಸಿಕೊಂಡು ಬರುವಾಗ ನಾಲ್ಕು ಕಾಯಿ ಒಬ್ಬಟ್ಟನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಆಕೆಗೆ ಕೊಟ್ಟೆ. ಹಬ್ಬದ ತಿಂಡಿಯನ್ನು ಬೇಡವೆನ್ನುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಆಕೆ ಎಲೆ ಬಿಚ್ಚಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿದಳು. "ಕಾಯಿ ಹದವಾಗಿತ್ತು," ಎಂದಳು, ಹೊಗಳಿಕೆ ನನಗೋ ತನಗೋ ತಿಳಿಯದಂತೆ. ಆಮೇಲೆ ಎಲೆಯನ್ನು ಮತ್ತೆ ಮಡಿಸಿ ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ಎಂಟರಲ್ಲಿ ಎಷ್ಟು ಕೆಟ್ಟಿದ್ವು?"

"ಒಂದು," ಎಂದೆ.

ಆಕೆ ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು, ಅದನ್ನು ಇಟ್ಟು ಇನ್ನೊಂದನ್ನು ತೆಗೆದಳು, ಅದನ್ನೂ ಅಲ್ಲಾಡಿಸಿ ನನ್ನ ಚೀಲಕ್ಕೆ ಹಾಕಿದಳು.